ಎತ್ತರವಾಗಿ ಬೆಳೆದ ಒಳಾಂಗಣ ಪಾಮ್ ಗಿಡಗಳು: ಗೂಟಿ ವಿಧಾನ ಮತ್ತು ಅದರ ಮಿತಿಗಳು

ಮನೆ, ಕಚೇರಿ ಹಾಗೂ ಶಾಲೆಗಳ ಒಳಾಂಗಣದಲ್ಲಿ ಕುಂಡಗಳಲ್ಲಿ ಬೆಳೆಸಿದ ಪಾಮ್ ಗಿಡಗಳು ಕೆಲವು ವರ್ಷಗಳಲ್ಲಿ ಛಾವಣಿಯನ್ನು ಮುಟ್ಟುವುದು ಸಾಮಾನ್ಯ. ಬೆಳಗಾವಿಯ ಕ್ಯಾಂಪ್ ಪ್ರದೇಶದ ಹಳೆಯ ಬಂಗಲೆಗಳ ಎತ್ತರದ ಕೊಠಡಿಗಳಲ್ಲಿ ಇದು ತೊಡಕೆನಿಸದಿದ್ದರೂ, ಹೊಸ ವಸತಿ ಸಮುಚ್ಚಯಗಳಲ್ಲಿ ಗಿಡದ ಸುಳಿ ಬಹುಬೇಗ ಛಾವಣಿಗೆ ತಾಗುತ್ತದೆ. ಇಂತಹ ಗಿಡವನ್ನು ನಡುವೆ ಕತ್ತರಿಸಿದರೆ ಕೆಳಗಿನಿಂದ ಚಿಗುರುವುದೆಂದು ಭಾವಿಸಿ, ಹಲವು ವರ್ಷ ಸಾಕಿದ ಗಿಡವನ್ನು ಒಂದೇ ದಿನದಲ್ಲಿ ಕಳೆದುಕೊಳ್ಳುವ ಸಂಭವವಿರುತ್ತದೆ. ಕತ್ತರಿ ಹಿಡಿಯುವ ಮೊದಲು ಗಿಡದ ಜಾತಿಯನ್ನು ಗುರುತಿಸಿಕೊಳ್ಳುವುದು ಅತ್ಯವಶ್ಯ.

ಸುಳಿಯ ಮಹತ್ವ

ದಾಳಿಂಬೆ, ಪೇರಲ, ನಿಂಬೆ ಮುಂತಾದ ಗಿಡಗಳಲ್ಲಿ ಗೂಟಿ ಕಟ್ಟುವಾಗ ಕೊಂಬೆಯ ತೊಗಟೆಯನ್ನು ಉಂಗುರಾಕಾರವಾಗಿ ತೆಗೆಯಲಾಗುತ್ತದೆ. ಎಲೆಗಳಲ್ಲಿ ತಯಾರಾದ ಆಹಾರವು ಕೆಳಗಿಳಿಯದೆ ಗಾಯದ ಮೇಲಂಚಿನಲ್ಲಿ ಶೇಖರವಾಗಿ ಅಲ್ಲಿ ಬೇರು ಒಡೆಯುತ್ತದೆ. ಪಾಮ್ ಏಕದಳ ಸಸ್ಯವಾಗಿದ್ದು, ನೀರು ಮತ್ತು ಆಹಾರ ಸಾಗಿಸುವ ನಾಳಗಳು ಅದರ ಕಾಂಡದೊಳಗೆಲ್ಲ ಚದುರಿಕೊಂಡಿರುತ್ತವೆ. ಸುಲಿದು ತೆಗೆಯಬಹುದಾದ ತೊಗಟೆಯಾಗಲಿ, ಗಾಯವನ್ನು ಮುಚ್ಚುವ ಬೆಳವಣಿಗೆಯ ಪದರವಾಗಲಿ ಇರುವುದಿಲ್ಲ. ಹೀಗಾಗಿ ಕಾಂಡಕ್ಕೆ ಮಾಡಿದ ಗಾಯ ಮಾಯುವುದಿಲ್ಲ. ಅದು ಕೊಳೆಗೆ ದಾರಿ ಮಾಡಿಕೊಡುತ್ತದೆಯೇ ಹೊರತು ಬೇರನ್ನು ತರುವುದಿಲ್ಲ.

ಒಂದು ಕಾಂಡಕ್ಕೆ ಒಂದೇ ಸುಳಿ. ಖಾನಾಪುರ ತಾಲ್ಲೂಕಿನ ಅಡಿಕೆ ಮತ್ತು ತೆಂಗು ಬೆಳೆಗಾರರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಸುಳಿ ಕೊಳೆತ ಮರ ಉಳಿಯುವುದಿಲ್ಲವೆಂಬುದು ಅವರ ಅನುಭವದಲ್ಲಿಯೇ ಇದೆ. ಕುಂಡದ ಪಾಮ್ ಗಿಡಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಗೂಟಿ ಸಾಧ್ಯವಿರುವ ಗಿಡಗಳು

ಚಾಮಿಡೋರಿಯಾ ಕುಲದ ಪಾಮ್‌ಗಳು ಇದಕ್ಕೆ ಮುಖ್ಯ ಅಪವಾದ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳ ನೆರಳಿನಲ್ಲಿ ಬೆಳೆಯುವ ಈ ಗಿಡಗಳನ್ನು ನರ್ಸರಿಗಳಲ್ಲಿ ಪಾರ್ಲರ್ ಪಾಮ್, ಬ್ಯಾಂಬೂ ಪಾಮ್ ಎಂಬ ಹೆಸರುಗಳಲ್ಲಿ ಮಾರಲಾಗುತ್ತದೆ. ಕಾಂಡವು ತೆಳುವಾಗಿ, ಹಸಿರಾಗಿ, ಬಿದಿರಿನಂತೆ ಗಿಣ್ಣುಗಳಿಂದ ಕೂಡಿರುತ್ತದೆ. ಕೆಳಗಿನ ಗಿಣ್ಣುಗಳ ಸುತ್ತ ಸಣ್ಣ ಮೊಳೆಗಳಂತೆ ಬೇರಿನ ತುದಿಗಳು ಹೊರಚಾಚಿರುವುದು ಉತ್ತಮ ಗುರುತು. ವ್ಯಾಪಾರದ ಹೆಸರನ್ನು ಮಾತ್ರ ನಂಬತಕ್ಕದ್ದಲ್ಲ, ಏಕೆಂದರೆ ಬ್ಯಾಂಬೂ ಪಾಮ್ ಎಂಬ ಹೆಸರಿನಲ್ಲಿ ಬೇರೆ ಜಾತಿಯ ಗಿಡಗಳೂ ಮಾರಾಟವಾಗುತ್ತವೆ.

ಈ ಗಿಡಗಳಿಗೆ ಕಾಂಡವನ್ನು ಸೀಳುವ ಅಥವಾ ಸುಲಿಯುವ ಅಗತ್ಯವಿಲ್ಲ. ಬೇರಿನ ತುದಿಗಳು ಕಾಣುವ ಗಿಣ್ಣುಗಳಲ್ಲಿ ಸಾಧ್ಯವಾದಷ್ಟು ಮೇಲಿನದನ್ನು ಆರಿಸಿ, ನೆನೆಸಿ ಹಿಂಡಿದ ಪಾಚಿ ಅಥವಾ ತೆಂಗಿನ ನಾರಿನ ಪುಡಿಯನ್ನು ಒಂದು ಹಿಡಿಯಷ್ಟು ದಪ್ಪವಾಗಿ ಸುತ್ತಲೂ ಒತ್ತಬೇಕು. ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿಗಳನ್ನು ದಾರದಿಂದ ಕಟ್ಟಬೇಕು. ಒಳಗಿನ ತೇವ ಆರದಂತೆ ವಾರಕ್ಕೊಮ್ಮೆ ನೋಡಿ, ಅಗತ್ಯವಿದ್ದರೆ ಮೇಲಿನ ಕಟ್ಟನ್ನು ಸಡಿಲಿಸಿ ನೀರು ಕೊಡಬೇಕು. ನೀರು ನಿಂತರೆ ಕಾಂಡ ಕೊಳೆಯುತ್ತದೆ.

ಮೃಗಶಿರಾ ಮಳೆಯ ಹೊತ್ತಿಗೆ, ಅಂದರೆ ಜೂನ್ ಎರಡನೆಯ ವಾರದಲ್ಲಿ, ಕಟ್ಟುವುದು ಸೂಕ್ತ. ಈ ಭಾಗದಲ್ಲಿ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಹೆಚ್ಚಿರುತ್ತದೆ; ಖಾನಾಪುರದ ಪಶ್ಚಿಮಕ್ಕೆ, ಕಣಕುಂಬಿಯ ಕಡೆಗೆ, ಇನ್ನೂ ಹೆಚ್ಚು. ಬೇರು ತುಂಬಲು ಎರಡರಿಂದ ನಾಲ್ಕು ತಿಂಗಳು ಬೇಕಾಗಬಹುದು. ಹಾಳೆಯ ಮೂಲಕ ಬೇರುಗಳು ಎಲ್ಲ ಕಡೆ ಕಾಣುವವರೆಗೆ ಕತ್ತರಿಸಬಾರದು. ಈ ವಿಧಾನದ ದೊಡ್ಡ ಅನುಕೂಲವೂ ಇದೇ: ಬೇರು ಬಾರದಿದ್ದಲ್ಲಿ ಹಾಳೆಯನ್ನು ಬಿಚ್ಚಿದರಾಯಿತು, ಗಿಡಕ್ಕೆ ನಷ್ಟವಿಲ್ಲ.

ಬೇರು ತುಂಬಿದ ನಂತರ ಅದರ ಕೆಳಗೆ ಹರಿತವಾದ, ಶುಚಿಯಾದ ಗರಗಸದಿಂದ ಕತ್ತರಿಸಿ, ಪಾಚಿಯನ್ನು ಕೆದಕದೆ ಹಾಗೆಯೇ ನೆಡಬೇಕು. ನೆಡಲು ಮಣ್ಣಿನ ಕುಂಡವೇ ಲೇಸು. ಅದರ ಮೈಯಿಂದ ಹೆಚ್ಚಿನ ತೇವ ಆರಿಹೋಗುತ್ತದೆ. (ಖಾನಾಪುರವು ಕುಂಬಾರಿಕೆಗೆ ಹೆಸರಾದ ಊರು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಇಲ್ಲಿಯೇ.) ಹೊಸ ಗಿಡವನ್ನು ಕೋಲಿಗೆ ಕಟ್ಟಿ, ಒಂದೂವರೆ ತಿಂಗಳು ನೆರಳಿನಲ್ಲಿಡಬೇಕು. ಕತ್ತರಿಸಿದ ಕಾಂಡದ ಕೆಳಭಾಗ ಮತ್ತೆ ಚಿಗುರುವುದಿಲ್ಲ. ಅದೇ ಕುಂಡದಲ್ಲಿ ಬೇರೆ ಕಾಂಡಗಳಿದ್ದರೆ ಅವು ಮುಂದುವರಿಯುತ್ತವೆ.

ಡ್ರಸೀನಾ ಮತ್ತು ಯುಕ್ಕಾ ಗಿಡಗಳನ್ನು ಸಾರ್ವಜನಿಕರು ಪಾಮ್ ಎಂದೇ ಕರೆಯುವುದುಂಟು. ಇವು ಪಾಮ್‌ಗಳಲ್ಲ. ಕಾಂಡವನ್ನು ಮೂರನೇ ಒಂದು ಭಾಗದಷ್ಟು ಓರೆಯಾಗಿ ಸೀಳಿ, ಸೀಳಿನಲ್ಲಿ ಸಣ್ಣ ಕಡ್ಡಿಯಿಟ್ಟು ಗೂಟಿ ಕಟ್ಟಬಹುದು. ಉಳಿದ ಬುಡವೂ ಚಿಗುರುತ್ತದೆ. ಪಾಮ್ ಗಿಡವೂ ಚಿಗುರುವುದೆಂಬ ತಪ್ಪು ತಿಳಿವಳಿಕೆಗೆ ಬಹುಶಃ ಇದೇ ಕಾರಣವಾಗಿರುತ್ತದೆ.

ಗೂಟಿ ಅನ್ವಯಿಸದ ಗಿಡಗಳು

ಅರೆಕಾ ಪಾಮ್ ಅತಿ ಹೆಚ್ಚು ಮನೆಗಳಲ್ಲಿ ಕಾಣುವ ಗಿಡ. ಹೆಸರು ಅಡಿಕೆಯದಾದರೂ ಇದು ಮಡಗಾಸ್ಕರ್ ಮೂಲದ ಬೇರೊಂದು ಜಾತಿ. ಇದು ಗುಂಪಾಗಿ ಬೆಳೆಯುವುದರಿಂದ ಅತಿ ಎತ್ತರದ ಕಾಂಡಗಳನ್ನು ಬುಡಮಟ್ಟಕ್ಕೆ ತೆಗೆದು ಎಳೆಯ ಕಾಂಡಗಳನ್ನು ಉಳಿಸಿಕೊಳ್ಳಬಹುದಾಗಿದೆ. ಒಂದೇ ಸಲ ಎಲ್ಲವನ್ನೂ ತೆಗೆಯಬಾರದು. ರೇಫಿಸ್ ಪಾಮ್‌ಗೂ ಇದೇ ಕ್ರಮ. ಬುಡದ ಕಂದುಗಳನ್ನು ಬೇರುಸಹಿತ ಬಿಡಿಸಿ ಬೇರೆ ಕುಂಡಕ್ಕೂ ನೆಡಬಹುದು.

ರಾಯಲ್ ಪಾಮ್, ಬೀಸಣಿಗೆಯಾಕಾರದ ಎಲೆಯ ಚೀನೀ ಪಾಮ್ ಹಾಗೂ ಬೈನೆ ಒಂಟಿ ಕಾಂಡದವು. ಇವುಗಳ ಎತ್ತರ ತಗ್ಗಿಸುವ ಸುರಕ್ಷಿತ ಮಾರ್ಗವಿಲ್ಲ. ಮಳೆಗಾಲದ ಆರಂಭದಲ್ಲಿ ಹೊರಗೆ ನೆಲಕ್ಕೆ ನೆಡುವುದೊಂದೇ ಉಪಾಯ. ಅದಕ್ಕೆ ಮುನ್ನ ಕೆಲವು ವಾರ ಅರೆನೆರಳಿನಲ್ಲಿಟ್ಟು ಬಿಸಿಲಿಗೆ ಒಗ್ಗಿಸಬೇಕು. ಹೆಸ್ಕಾಂ ತಂತಿಗಳ ಕೆಳಗೆ ನೆಡಬಾರದು. ಬೈನೆಯ ಹಣ್ಣಿನ ರಸ ಮೈಗೆ ತಾಗಿದರೆ ತುರಿಕೆಯುಂಟಾಗುವುದರಿಂದ ಮಕ್ಕಳು ಆಡುವ ಸ್ಥಳ ಅದಕ್ಕೆ ತಕ್ಕುದಲ್ಲ. ಸೈಕಸ್ ಗಿಡವೂ ಪಾಮ್ ಅಲ್ಲ. ಬುಡದ ಮರಿಗಳಿಂದ ಅದನ್ನು ವೃದ್ಧಿಸಬಹುದು. ಅದರ ಬೀಜ ಹಾಗೂ ಎಲೆಗಳು ಮನುಷ್ಯರಿಗೂ ನಾಯಿಗಳಿಗೂ ವಿಷಕಾರಿ.

ನೆಲದಲ್ಲಿ ಈಗಾಗಲೇ ಮರವಾಗಿ ಬೆಳೆದಿರುವ ಪಾಮ್ ಅನ್ನು ಕಡಿಯುವುದಾದಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ಅನ್ವಯವಾಗಬಹುದು. ಕೆಲವು ಜಾತಿಗಳಿಗೆ ವಿನಾಯಿತಿ ಇರುವುದರಿಂದ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯವರಲ್ಲಿ ಮೊದಲು ವಿಚಾರಿಸತಕ್ಕದ್ದು.

ಸಲಹೆ ಪಡೆಯುವ ಬಗ್ಗೆ

ಗಿಡದ ಜಾತಿ ತಿಳಿಯದಿದ್ದಲ್ಲಿ ಬೆಳಗಾವಿ ಅಥವಾ ಖಾನಾಪುರದ ತಾಲ್ಲೂಕು ತೋಟಗಾರಿಕೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಇಡೀ ಗಿಡ, ಒಂದು ಎಲೆ ಮತ್ತು ಬುಡ ಸ್ಪಷ್ಟವಾಗಿ ಕಾಣುವ ಮೂರು ಭಾವಚಿತ್ರಗಳನ್ನು ತಂದಲ್ಲಿ ಗುರುತಿಸುವುದು ಸುಲಭ. ಕಾಂಡಗಳ ಸಂಖ್ಯೆಯನ್ನೂ, ಗಿಣ್ಣುಗಳಲ್ಲಿ ಬೇರಿನ ತುದಿಗಳು ಕಾಣುತ್ತಿವೆಯೇ ಎಂಬುದನ್ನೂ ಮನೆಯಲ್ಲಿಯೇ ನೋಡಿಕೊಂಡು ಬರುವುದು ಒಳ್ಳೆಯದು.