ವರ್ಜೀನಿಯಾ ತಂಬಾಕು ಸಸಿಗಳನ್ನು ಟ್ರೇಗಳಲ್ಲಿ ಬೆಳೆಸುವುದು: ನೋಂದಣಿ ಹಾಗೂ ಬೇಸಾಯ ಕ್ರಮ

ಪೀಠಿಕೆ

ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ಹಾಗೂ ಹಾಸನ ಜಿಲ್ಲೆಯ ರಾಮನಾಥಪುರ ಸುತ್ತಲಿನ ಪ್ರದೇಶವು ವರ್ಜೀನಿಯಾ ತಂಬಾಕು ಬೆಳೆಗೆ ಹೆಸರಾಗಿವೆ. ಇಲ್ಲಿ ಮುಂಗಾರು ಪೂರ್ವ ಮಳೆಯನ್ನು ಅವಲಂಬಿಸಿ ನಾಟಿ ಮಾಡಲಾಗುತ್ತದೆ. ಸಸಿಮಡಿಯಿಂದ ಕಿತ್ತ ಸಸಿಯ ಬೇರು ಹರಿದು, ಮಳೆ ತಡವಾದಲ್ಲಿ ಸಸಿ ಒಣಗುವ ಸಂಭವವಿರುತ್ತದೆ. ಟ್ರೇಗಳಲ್ಲಿ ಬೆಳೆಸಿದ ಸಸಿಯನ್ನು ಬೇರುಸಹಿತವಾಗಿ ನಾಟಿ ಮಾಡಬಹುದಾದ್ದರಿಂದ ಅದು ಬೇಗನೆ ಹಿಡಿಯುತ್ತದೆ. ಮನೆಯಂಗಳದ ಅಲ್ಪ ಸ್ಥಳದಲ್ಲಿಯೂ ಈ ಕ್ರಮವನ್ನು ಅನುಸರಿಸಬಹುದಾಗಿದೆ.

ನೋಂದಣಿಯ ಅಗತ್ಯ

1. ತಂಬಾಕು ಮಂಡಳಿ ಅಧಿನಿಯಮ, 1975ರ ಅನ್ವಯ ವರ್ಜೀನಿಯಾ ತಂಬಾಕು ಬೆಳೆಯಲು ತಂಬಾಕು ಮಂಡಳಿಯಲ್ಲಿ ನೋಂದಣಿ ಕಡ್ಡಾಯವಾಗಿರುತ್ತದೆ. ಗುಂಟೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಮಂಡಳಿಯು 1976ರಲ್ಲಿ ಅಸ್ತಿತ್ವಕ್ಕೆ ಬಂದಿತು.
2. ಮಾರಾಟಕ್ಕಾಗಿ ಸಸಿ ಬೆಳೆಸುವವರು ವಾಣಿಜ್ಯ ನರ್ಸರಿಯಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳತಕ್ಕದ್ದು. ಸಸಿಗಳನ್ನು ಟ್ರೇಗಳಲ್ಲಿ ಅಥವಾ ಮನೆಯ ಆವರಣದಲ್ಲಿ ಬೆಳೆಸಿದ ಮಾತ್ರಕ್ಕೆ ವಿನಾಯಿತಿ ದೊರೆಯುವುದಿಲ್ಲ.
3. ಎಲೆ ಹದಗೊಳಿಸುವ ಬ್ಯಾರನ್‌ಗೆ ಮಂಡಳಿಯ ಪರವಾನಗಿ ಇರತಕ್ಕದ್ದು.
4. ಹದಗೊಳಿಸಿದ ಎಲೆಯನ್ನು ಮಂಡಳಿಯ ಹರಾಜು ಮಾರುಕಟ್ಟೆಯಲ್ಲಿಯೇ ಮಾರಾಟ ಮಾಡಬೇಕಾಗುತ್ತದೆ. ಆದ್ದರಿಂದ ನೋಂದಣಿಗೆ ಮೊದಲೇ ಸಸಿಗೆ ಹಣ ತೊಡಗಿಸಿದವರು ಬೆಳೆಯ ಕೊನೆಯಲ್ಲಿ ಮಾರಾಟದ ತೊಂದರೆಗೆ ಸಿಲುಕುವರು.

ಅರ್ಜಿ ನಮೂನೆಯನ್ನು ಸಂಬಂಧಪಟ್ಟ ಹರಾಜು ಮಾರುಕಟ್ಟೆಯ ಕಚೇರಿಯಲ್ಲಿ ಪಡೆದು, ಕೋರಿರುವ ದಾಖಲೆಗಳೊಂದಿಗೆ ನಿಗದಿತ ದಿನಾಂಕದೊಳಗೆ ಸಲ್ಲಿಸುವುದು.

ಸಸಿ ಬೆಳೆಸುವ ಕ್ರಮ

ತಂಬಾಕಿನ ಬೀಜ ಅತಿ ಸಣ್ಣದು. ಒಂದು ಗ್ರಾಂನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬೀಜಗಳಿರುತ್ತವೆ. ಆದ್ದರಿಂದ ಮೊದಲು ಏರುಮಡಿಯಲ್ಲಿ ಬಿತ್ತಿ, ಎಳೆಯ ಸಸಿಗಳನ್ನು ಟ್ರೇಗಳಿಗೆ ವರ್ಗಾಯಿಸುವುದು ವಾಡಿಕೆ.

* ದೃಢೀಕೃತ ಬೀಜವನ್ನೇ ಬಳಸುವುದು. ಕಾಂಚನ್ ತಳಿಯು ಈ ಭಾಗದಲ್ಲಿ ಪ್ರಚಲಿತವಾಗಿದೆ.
* ಬೀಜವನ್ನು ನುಣುಪಾದ ಮರಳಿನೊಂದಿಗೆ ಬೆರೆಸಿ ಮಡಿಯ ಮೇಲ್ಮೈಯಲ್ಲಿಯೇ ಚೆಲ್ಲುವುದು. ಮೊಳೆಯಲು ಬೆಳಕು ಅಗತ್ಯವಿರುವುದರಿಂದ ಮಣ್ಣಿನಿಂದ ಮುಚ್ಚಬಾರದು. ಹುಲ್ಲಿನ ತೆಳು ಹೊದಿಕೆ ಸಾಕು. ಮೊಳಕೆ ಬಂದಂತೆ ಹುಲ್ಲನ್ನು ತೆಳುಗೊಳಿಸುವುದು.
* 98 ಗುಳಿಗಳ ಟ್ರೇಗೆ ಸುಮಾರು 1.2 ಕೆ.ಜಿ. ಸಂಸ್ಕರಿಸಿದ ತೆಂಗಿನ ನಾರಿನ ಪುಡಿ ತುಂಬುವುದು. ಹಸಿ ನಾರಿನ ಪುಡಿ ಸಸಿಗೆ ಹಾನಿಕರ.
* 25 ರಿಂದ 30 ದಿನಗಳ ಸಸಿಯನ್ನು ಗುಳಿಗೆ ಒಂದರಂತೆ ನೆಟ್ಟು, ಮೊದಲ ಕೆಲವು ದಿನ ನೆರಳಿನಲ್ಲಿಡುವುದು. ಟ್ರೇಗಳಲ್ಲಿ ಮತ್ತೆ ಅಷ್ಟೇ ದಿನ ಬೆಳೆದ ನಂತರ ಅವು ನಾಟಿಗೆ ಸಿದ್ಧವಾಗುತ್ತವೆ.
* ನಾಟಿಗೆ ಒಂದು ವಾರ ಮೊದಲು ನೀರನ್ನು ಕಡಿಮೆ ಮಾಡಿ, ಬಿಸಿಲಿಗೆ ಒಡ್ಡಿ ಸಸಿಗಳನ್ನು ಗಟ್ಟಿಗೊಳಿಸುವುದು.

ರೋಗ ನಿರ್ವಹಣೆ

ನೀರು ಹೆಚ್ಚಾದಲ್ಲಿ ಹಾಗೂ ಸಸಿಗಳು ಒತ್ತಾಗಿ ಬೆಳೆದಲ್ಲಿ ಸಸಿ ಕೊಳೆ ರೋಗ ತಗಲುತ್ತದೆ. ಮೊಸಾಯಿಕ್ ನಂಜು ರೋಗವು ಕೈ ಹಾಗೂ ಉಪಕರಣಗಳ ಸ್ಪರ್ಶದಿಂದ ಹರಡುತ್ತದೆ. ಸಸಿ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು. ಕೆಲಸದ ವೇಳೆ ಬೀಡಿ, ಹೊಗೆಸೊಪ್ಪು ಬಳಸಬಾರದು. ಇದೇ ನಂಜು ಟೊಮೇಟೊ ಮತ್ತು ಮೆಣಸಿನಕಾಯಿ ಗಿಡಗಳಿಗೂ ತಗಲುವುದರಿಂದ ಅವುಗಳ ಸಸಿಗಳನ್ನು ಜೊತೆಯಲ್ಲಿ ಇಡಬಾರದು.

ಆರೋಗ್ಯ ಸಂಬಂಧಿ ಎಚ್ಚರಿಕೆ

ಒದ್ದೆಯಾದ ತಂಬಾಕು ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ದೇಹವನ್ನು ಸೇರುತ್ತದೆ. ತಲೆಸುತ್ತು, ತಲೆನೋವು, ವಾಕರಿಕೆ, ವಾಂತಿ ಇದರ ಲಕ್ಷಣಗಳು. ಇಬ್ಬನಿ ಅಥವಾ ಮಳೆಯಿಂದ ನೆನೆದ ಗಿಡಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈಗವಸು ಹಾಗೂ ತುಂಬು ತೋಳಿನ ಉಡುಪು ಧರಿಸುವುದು. ಲಕ್ಷಣ ಕಂಡುಬಂದಲ್ಲಿ ಒದ್ದೆ ಬಟ್ಟೆ ಬದಲಿಸಿ, ಮೈ ತೊಳೆದು, ವೈದ್ಯರನ್ನು ಕಾಣುವುದು. ಮನೆಯಂಗಳದಲ್ಲಿ ಇರಿಸಿದ ಟ್ರೇಗಳು ಮಕ್ಕಳಿಗೂ ಜಾನುವಾರುಗಳಿಗೂ ಎಟುಕದಂತಿರಬೇಕು. ಮಕ್ಕಳನ್ನು ಮತ್ತು ಗರ್ಭಿಣಿಯರನ್ನು ಈ ಕೆಲಸದಲ್ಲಿ ತೊಡಗಿಸಬಾರದು.

ಗಮನಿಸಿ: ಸಸಿ ಕೊಳ್ಳುವವರು ನರ್ಸರಿಯ ನೋಂದಣಿ ಪತ್ರವನ್ನು ಪರಿಶೀಲಿಸಿ, ರಸೀದಿ ಪಡೆದು ಇಟ್ಟುಕೊಳ್ಳುವುದು. ಹೆಚ್ಚಿನ ತಾಂತ್ರಿಕ ಮಾಹಿತಿಗಾಗಿ ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರವನ್ನು, ನೋಂದಣಿಗಾಗಿ ಸಮೀಪದ ಹರಾಜು ಮಾರುಕಟ್ಟೆಯ ಅಧೀಕ್ಷಕರನ್ನು ಸಂಪರ್ಕಿಸುವುದು.