ದ್ರವ ಗೊಬ್ಬರ: ತಿಳಿ ದ್ರಾವಣವೂ ನಿಲಂಬಿತವೂ
ದ್ರವರೂಪದ ರಸಗೊಬ್ಬರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪೋಷಕಾಂಶಗಳೆಲ್ಲವೂ ನೀರಿನಲ್ಲಿ ಕರಗಿದ್ದರೆ ಅದು ತಿಳಿ ದ್ರಾವಣ. ಶೇ. 28ರಿಂದ 32ರಷ್ಟು ಸಾರಜನಕವುಳ್ಳ ಯೂರಿಯಾ-ಅಮೋನಿಯಂ ನೈಟ್ರೇಟ್ ದ್ರಾವಣ ಇದಕ್ಕೆ ನಿದರ್ಶನ. ಅಮೋನಿಯಂ ಪಾಲಿಫಾಸ್ಫೇಟಿನ 10-34-0 ಇನ್ನೊಂದು. ಆದರೆ ಪೊಟ್ಯಾಷ್ ಹೆಚ್ಚಿದಂತೆ, ಚಳಿ ಬಲಿತಂತೆ ಲವಣವು ಹರಳುಗಟ್ಟಿ ತಳ ಸೇರುತ್ತದೆ.

ಈ ಮಿತಿಯನ್ನು ದಾಟಲು ಬಂದುದು ಸಸ್ಪೆನ್ಷನ್, ಅಂದರೆ ನಿಲಂಬಿತ ಗೊಬ್ಬರ. ಇದರಲ್ಲಿ ಕರಗದೆ ಉಳಿದ ಸೂಕ್ಷ್ಮ ಹರಳುಗಳನ್ನು ಅಟಾಪಲ್ಗೈಟ್ ಎಂಬ ಜೇಡಿ ಎತ್ತಿ ಹಿಡಿಯುತ್ತದೆ, ಶೇ. 1-2ರಷ್ಟು ಜೇಡಿ ಸಾಕು. ನಿಂತಾಗ ಮೊಸರಿನಂತೆ ಗಟ್ಟಿ, ಕಲಕಿದಾಗ ಮಜ್ಜಿಗೆಯಂತೆ ತೆಳು. ಪೋಷಕಾಂಶದ ಸಾಂದ್ರತೆ ಇಲ್ಲಿ ಹೆಚ್ಚು, ಜೋಪಾನವೂ ಹೆಚ್ಚು. ಕಲಕದೆ ಸುರಿದರೆ ಒಂದು ಸಾಲಿಗೆ ಗೊಬ್ಬರ ಸಾಲದು, ಇನ್ನೊಂದರ ಬೇರು ಸುಟ್ಟೀತು. ಹನಿ ನೀರಾವರಿಗಂತೂ ತಿಳಿ ದ್ರಾವಣವೇ ಸೂಕ್ತ. ನಿಲಂಬಿತದ ಕಣಗಳು ರಂಧ್ರಗಳನ್ನು ಮುಚ್ಚುತ್ತವೆ. ಫಾಸ್ಫೇಟಿಗೆ ಕ್ಯಾಲ್ಸಿಯಂ ನೈಟ್ರೇಟ್ ಬೆರೆಸಿದರೆ ತಿಳಿಯಾದುದೂ ಕದಡುತ್ತದೆ.

ತಾಳವಾಡಿಯಲ್ಲಾಗಲಿ ಅಕ್ಕಲಕೋಟೆಯಲ್ಲಾಗಲಿ, ಡಬ್ಬಿಯ ಸೂಚನೆ ಓದಲು ಬಾರದ ಭಾಷೆಯಲ್ಲಿದ್ದರೆ ‘ಕಲಕಿ ಬಳಸಿ’ ಎಂಬ ಮಾತೇ ನಮ್ಮ ರೈತರಿಗೆ ತಲುಪದು. ಸೂಚನೆ ಕನ್ನಡದಲ್ಲಿಯೂ ಇರಬೇಕೆಂದು ನಾವು ಕೇಳುವುದು ಭಾಷಾಭಿಮಾನಕ್ಕಷ್ಟೇ ಅಲ್ಲ, ಬೆಳೆಗಾಗಿ. ಅಲ್ಲಿಯವರೆಗೆ, ಗಾಜಿನ ಸೀಸೆಗೆ ಸ್ವಲ್ಪ ಸುರಿದು ಬೆಳಕಿಗೆ ಹಿಡಿಯಿರಿ: ಆಚೆಯದು ಕಂಡರೆ ಬಹುಮಟ್ಟಿಗೆ ತಿಳಿ ದ್ರಾವಣ, ಮಬ್ಬಾಗಿದ್ದರೆ ಕಲಕದೆ ಬಳಸಬೇಡಿ.