ಉಪಾಧ್ಯೆ: ಒಂದು ವಿರಳ ಅಡ್ಡಹೆಸರಿನ ಮೂಲ ಮತ್ತು ಜನಸಂಖ್ಯೆಯ ವಿಚಾರ

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಪ್ರದೇಶಗಳ ದಿಗಂಬರ ಜೈನರಲ್ಲಿ ಪಾಟೀಲ, ಚೌಗಲೆ, ಮಗದುಮ್, ಶೆಟ್ಟಿ ಮೊದಲಾದ ಅಡ್ಡಹೆಸರುಗಳು ಹೇರಳವಾಗಿ ದೊರೆಯುತ್ತವೆ. ಇವುಗಳ ನಡುವೆ 'ಉಪಾಧ್ಯೆ' ಎಂಬುದು ವಿರಳ. ಒಂದು ಊರಿನಲ್ಲಿ ಬಸದಿಯಿದ್ದರೆ ಅದರ ಪಕ್ಕದಲ್ಲಿ ಈ ಹೆಸರಿನ ಒಂದೋ ಎರಡೋ ಮನೆಗಳಿರುವುದು ರೂಢಿ. ಬಸದಿಯಿಲ್ಲದ ಊರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಈ ಹೆಸರಿನ ವೈರಳ್ಯಕ್ಕೆ ಕಾರಣವೂ ಅದೇ. ಪಾಟೀಲಿಕೆಯಂತೆ ಇದೂ ಒಂದು ವೃತ್ತಿಯ ಹೆಸರು. ಆದರೆ ಊರಿಗೊಂದು ಬಸದಿ ಇರುವಲ್ಲಿ ಪೂಜಾವೃತ್ತಿಗೆ ಅವಕಾಶವಿದ್ದುದು ಬೆರಳೆಣಿಕೆಯ ಮನೆಗಳಿಗೆ ಮಾತ್ರ.

ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಈ ಮನೆತನಗಳಿಗೆ ವಿಶೇಷ ಮಹತ್ವವಿದೆ. ಬಸದಿಯ ಪೂಜೆ, ಪಂಚಾಂಗಶ್ರವಣ, ಗೃಹಸ್ಥರ ಸಂಸ್ಕಾರಗಳು ಇವರ ಕೈಯಲ್ಲಿದ್ದುದರಿಂದ ಪೂಜಾವಿಧಿ, ಪ್ರತಿಷ್ಠಾಪಾಠ, ಜ್ಯೋತಿಷ, ವೈದ್ಯ, ಪುರಾಣಗಳ ಓಲೆಗರಿಗಳೂ ಕಾಗದದ ಪ್ರತಿಗಳೂ ಇವರ ಮನೆಗಳಲ್ಲಿಯೇ ಉಳಿದವು. ಮಠಗಳ ಭಂಡಾರಗಳಿಗೆ ಸೂಚಿಗಳಾಗಿವೆ. ಮನೆಗಳ ಭಂಡಾರವನ್ನು ಹುಡುಕಬೇಕಾದರೆ ಮೊದಲು ಮನೆಗಳನ್ನು ಹುಡುಕಬೇಕು. ಅದಕ್ಕೆ ಅಡ್ಡಹೆಸರು ಎಷ್ಟರಮಟ್ಟಿಗೆ ದಾರಿ ತೋರೀತು ಎಂಬುದೇ ಇಲ್ಲಿನ ಪ್ರಶ್ನೆ.

ಶಬ್ದದ ಮೂಲವು ಸಂಸ್ಕೃತದ 'ಉಪಾಧ್ಯಾಯ' ಎಂಬುದರಲ್ಲಿ ಸಂದೇಹವಿಲ್ಲ. ಸಮೀಪಕ್ಕೆ ಬಂದು ಅಧ್ಯಯನ ಮಾಡತಕ್ಕವನು ಯಾರ ಬಳಿಗೋ ಅವನು ಉಪಾಧ್ಯಾಯ. ಪ್ರಾಕೃತದಲ್ಲಿ ಇದು 'ಉವಜ್ಝಾಯ' ಎಂದಾಗುತ್ತದೆ. ಪಂಚಪರಮೇಷ್ಠಿಗಳಲ್ಲಿ ಅರ್ಹಂತ, ಸಿದ್ಧ, ಆಚಾರ್ಯರ ತರುವಾಯ ನಾಲ್ಕನೆಯ ಸ್ಥಾನ ಉವಜ್ಝಾಯರದು. ಹನ್ನೊಂದು ಅಂಗಗಳು, ಹದಿನಾಲ್ಕು ಪೂರ್ವಗಳು ಸೇರಿ ಇಪ್ಪತ್ತೈದು ಗುಣಗಳುಳ್ಳ, ಸಂಘದಲ್ಲಿ ಆಗಮವನ್ನು ಪಾಠ ಹೇಳುವ ಮುನಿ ಆತ. ಮನೆ, ಮಡದಿ, ಜಮೀನುಳ್ಳ ಬಸದಿಯ ಪುರೋಹಿತನಿಗೂ ಈ ಪರಮೇಷ್ಠಿಗೂ ಹೆಸರೊಂದೇ ಸಮಾನ.

ಕನ್ನಡಕ್ಕೆ ಈ ಶಬ್ದವು ಒಮ್ಮೆ ಮಾತ್ರ ಬಂದುದಲ್ಲ. ಮೊದಲ ಬಾರಿ ಬಂದುದು ಪ್ರಾಕೃತದ ದಾರಿಯಿಂದ. ಎಂಟನೆಯ ಶತಮಾನದ ಪಟ್ಟದಕಲ್ಲಿನ ಪಾಪನಾಥ ದೇವಾಲಯದ ಶಾಸನದಲ್ಲಿ ರೇವಡಿ ಓವಜ್ಜನೆಂಬ ಶಿಲ್ಪಿಯ ಹೆಸರಿದೆ. 'ಓವಜ್ಜ' ಎಂಬಲ್ಲಿ 'ಉವಜ್ಝಾಯ'ದ ಧ್ವನಿ ಇನ್ನೂ ಸ್ಪಷ್ಟವಾಗಿದೆ. ಮುಂದೆ ಇದೇ ಸವೆದು 'ಓಜ'ವಾಯಿತು. ಹನ್ನೆರಡನೆಯ ಶತಮಾನದಲ್ಲಿ ಬೇಲೂರಿನಲ್ಲಿ ಕೆಲಸ ಮಾಡಿದ ಬಳ್ಳಿಗಾವೆಯ ದಾಸೋಜನ ಹೆಸರಿನ ಕೊನೆಯಲ್ಲಿರುವುದು ಇದೇ ಶಬ್ದ. ಹೀಗೆ ಕನ್ನಡನಾಡಿನಲ್ಲಿ ಪ್ರಾಕೃತಮೂಲದ ರೂಪವು ಕಲ್ಲುಕುಟಿಗ, ಅಕ್ಕಸಾಲೆ, ಬಡಗಿ, ಕಮ್ಮಾರರ ಗುರುಸ್ಥಾನವನ್ನು ಸೂಚಿಸುವ ಮಾತಾಯಿತು. ಉತ್ತರ ಭಾರತದಲ್ಲಿ ಅದೇ ರೂಪವು 'ಓಝಾ', 'ಝಾ' ಎಂದಾಗಿ ಬ್ರಾಹ್ಮಣ ಮನೆತನಗಳ ಹೆಸರಾಗಿ ನಿಂತಿತು. ಒಂದೇ ಬೀಜ, ಎರಡು ನೆಲ.

ಎರಡನೆಯದು ತತ್ಸಮವಾದ 'ಉಪಾಧ್ಯಾಯ'. ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ಇದು ಗುರುವಿನ, ಅಧ್ಯಾಪಕನ ಅರ್ಥದಲ್ಲಿ ನಡೆದುಬಂದು ಇಂದಿನ ಶಾಲೆಯ ಉಪಾಧ್ಯಾಯರವರೆಗೆ ಉಳಿದಿದೆ. ಮೂರನೆಯದೇ ಪ್ರಸ್ತುತ ಹೆಸರಾದ 'ಉಪಾಧ್ಯೆ'. ಇದು ಬಂದುದು ಮರಾಠಿಯಿಂದ. ಆ ಭಾಷೆಯಲ್ಲಿ ಕುಲಪುರೋಹಿತನಿಗೆ 'ಉಪಾಧ್ಯಾ' ಎಂಬ ಮಾತಿದ್ದು, ಆಕಾರಾಂತ ಪುಲ್ಲಿಂಗ ಶಬ್ದಗಳು ಬಹುವಚನದಲ್ಲಿ ಏಕಾರಾಂತವಾಗುವ ನಿಯಮದಂತೆ ಗೌರವಾರ್ಥದಲ್ಲಿ 'ಉಪಾಧ್ಯೇ' ಎನಿಸುತ್ತದೆ. ಆದುದರಿಂದ 'ಉಪಾಧ್ಯೆ' ಎಂಬುದು ತಾನೇ ಗೌರವಸೂಚಕ ಬಹುವಚನ. ಕನ್ನಡಿಗರು ಅದಕ್ಕೆ ಮತ್ತೆ 'ಯವರು' ಸೇರಿಸಿ 'ಉಪಾಧ್ಯೆಯವರು' ಎನ್ನುವಾಗ ಗೌರವ ಇಮ್ಮಡಿಸುತ್ತದೆ; ಅದರಿಂದ ಯಾರಿಗೂ ಹಾನಿಯಿಲ್ಲ.

ಗೃಹಸ್ಥ ಪುರೋಹಿತವರ್ಗವು ಜೈನರಲ್ಲಿ ಹೇಗೆ ಬೆಳೆಯಿತೆಂಬುದಕ್ಕೆ ಶಾಸ್ತ್ರಾಧಾರವನ್ನು ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಕಾಣಬಹುದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ರಚಿತವಾದ ಈ ಗ್ರಂಥದಲ್ಲಿ ಭರತ ಚಕ್ರವರ್ತಿಯು ವ್ರತನಿಷ್ಠರಾದ ಶ್ರಾವಕರನ್ನು ಆರಿಸಿ ದ್ವಿಜರನ್ನಾಗಿ ಮಾಡಿದ ಕಥೆಯೂ, ಗರ್ಭಾಧಾನದಿಂದ ಆರಂಭವಾಗುವ ಐವತ್ತಮೂರು ಕ್ರಿಯೆಗಳ ವಿವರವೂ ಬರುತ್ತವೆ. ಕ್ರಿಯೆಗಳಿದ್ದಲ್ಲಿ ಅವನ್ನು ನಡೆಯಿಸುವವರೂ ಬೇಕು. ಈ ಮಹಾಪುರಾಣದ ಉತ್ತರಭಾಗವನ್ನು ಜಿನಸೇನರ ಶಿಷ್ಯರಾದ ಗುಣಭದ್ರರು ಮುಂದುವರಿಸಿದರು; ಅದರ ಪ್ರಶಸ್ತಿಯಲ್ಲಿ ಶಕ 820, ಎಂದರೆ ಕ್ರಿ.ಶ. 898, ಎಂಬ ಕಾಲವೂ ಬಂಕಾಪುರವೆಂಬ ಸ್ಥಳವೂ ಉಕ್ತವಾಗಿವೆ. ಬಂಕಾಪುರವು ಹುಬ್ಬಳ್ಳಿಯಿಂದ ಬಹಳ ದೂರದ ಊರೇನೂ ಅಲ್ಲ. ಶಾಸ್ತ್ರವು ಪೂರ್ಣಗೊಂಡ ನೆಲದ ಸುತ್ತಲೇ ಆ ಶಾಸ್ತ್ರದ ಕ್ರಿಯೆಗಳನ್ನು ನಡೆಯಿಸುವ ವರ್ಗವೂ ನೆಲೆಗೊಂಡಿತೆಂಬುದು ಆಕಸ್ಮಿಕವಾಗಿರಲಾರದು.

ಆದರೆ ಆ ವರ್ಗಕ್ಕೆ ಎಲ್ಲೆಡೆಯೂ ಒಂದೇ ಹೆಸರಿಲ್ಲ. ತುಳುನಾಡಿನಲ್ಲಿ 'ಇಂದ್ರ', ಮೈಸೂರು ಸೀಮೆಯಲ್ಲಿ 'ಪುರೋಹಿತ', 'ಶಾಸ್ತ್ರಿ', 'ಪಂಡಿತ'. ಬೆಳಗಾವಿ, ಧಾರವಾಡ, ಕೊಲ್ಲಾಪುರಗಳಲ್ಲಿ 'ಉಪಾಧ್ಯೆ', 'ಪಂಡಿತ'. ಇವು ಪದವಿಗಳು. ಪದವಿಯು ಅಡ್ಡಹೆಸರಾಗಬೇಕಾದರೆ ಅದನ್ನು ವೃತ್ತಿ ಬಿಟ್ಟ ಮಗನೂ ಹೊರಬೇಕು. ಧಾರವಾಡ ಸೀಮೆಯು ಪೇಶ್ವೆಯರ ಆಡಳಿತದಿಂದ ಮುಂಬಯಿ ಸರಕಾರದ ವಶಕ್ಕೆ ಬಂದ ಮೇಲೆ, 1852ರ ಇನಾಮ್ ಕಮಿಷನ್ನಿನ ಕಾಯಿದೆಯ ತರುವಾಯ, ಉಂಬಳಿ ಭೂಮಿಯನ್ನು ಅನುಭವಿಸುತ್ತಿದ್ದವರು ತಮ್ಮ ಹಕ್ಕನ್ನು ದಾಖಲೆಗಳಿಂದ ಸಮರ್ಥಿಸಬೇಕಾಯಿತು. ಸರಕಾರಿ ಶಾಲೆಯ ಪಟದಲ್ಲಿಯೂ ಹುಡುಗನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ಬಂದಿತು. ಇವೆರಡು ಕಾರಣಗಳಿಂದ ಪದವಿಯು ಹೆಸರಾಗಿ ಗಟ್ಟಿಗೊಂಡಿತೆಂದು ಊಹಿಸುವುದು ಯುಕ್ತ.

ಈ ವ್ಯತ್ಯಾಸಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. 1906ರಲ್ಲಿ ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಜನಿಸಿದ ಪ್ರಾಕೃತ ವಿದ್ವಾಂಸರು ಲೋಕಕ್ಕೆ ಆದಿನಾಥ ನೇಮಿನಾಥ ಉಪಾಧ್ಯೆ ಎಂದು ಪರಿಚಿತರು. ಅವರೇ ಮೈಸೂರು ಸೀಮೆಯಲ್ಲಿ ಹುಟ್ಟಿದ್ದರೆ ಊರಿನ ಮತ್ತು ತಂದೆಯ ಮೊದಲಕ್ಷರಗಳೊಡನೆ ಎಸ್. ಎನ್. ಆದಿನಾಥ ಎನಿಸುತ್ತಿದ್ದರು, ಮನೆತನದ ವೃತ್ತಿಯ ಗುರುತು ಹೆಸರಿನಿಂದ ಅಳಿಸಿಹೋಗುತ್ತಿತ್ತು.

ಹಳೆಯ ಹಸ್ತಪ್ರತಿಗಳ ಪುಷ್ಪಿಕೆಗಳಲ್ಲಿ ಅಡ್ಡಹೆಸರನ್ನು ನಿರೀಕ್ಷಿಸುವುದು ವ್ಯರ್ಥ. ಲಿಪಿಕಾರನು ಸಂವತ್ಸರ, ಮಾಸ, ತಿಥಿ, ಊರು, ಬಸದಿಯ ಮೂಲನಾಯಕ, ಗುರುಪರಂಪರೆ, ಬರೆಯಿಸಿದವರ ಹೆಸರು ಇವನ್ನು ಕೊಡುತ್ತಾನೆ. ತನ್ನನ್ನು ಇಂಥವರ ಮಗನೆಂದೋ ಶಿಷ್ಯನೆಂದೋ ಹೇಳಿಕೊಳ್ಳುತ್ತಾನೆ. ಅಲ್ಲಿ 'ಉಪಾಧ್ಯಾಯ' ಎಂದು ಬಂದರೆ ಅದನ್ನು ಪದವಿಯೆಂದೇ ತಿಳಿಯಬೇಕು. ಇಂದಿನ ಒಂದು ಉಪಾಧ್ಯೆ ಮನೆತನವನ್ನು ಕೇವಲ ಶಬ್ದಸಾಮ್ಯದಿಂದ ಮೂರು ನೂರು ವರ್ಷಗಳ ಹಿಂದಿನ ಪುಷ್ಪಿಕೆಗೆ ಗಂಟುಹಾಕುವುದು ಶಾಸ್ತ್ರಸಮ್ಮತವಲ್ಲ. ಊರು, ಬಸದಿ, ಗುರುಪೀಠ ಮೂರೂ ಕೂಡಿಬಂದರೆ ಮಾತ್ರ ಆ ಸಂಬಂಧವನ್ನು ವಿಚಾರಿಸಬಹುದು.

ಇನ್ನು ಜನಸಂಖ್ಯೆಯ ಮಾತು. ಭಾರತದ ಜನಗಣತಿಯು ಅಡ್ಡಹೆಸರುಗಳ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಎಲ್ಲ ಜಾತಿಗಳ ಸಂಖ್ಯೆಯನ್ನು ಕೊಟ್ಟ ಕೊನೆಯ ವರದಿ 1931ರದು. 1951ರಿಂದ ಪರಿಶಿಷ್ಟ ಜಾತಿ, ಪಂಗಡಗಳ ಹೊರತು ಉಳಿದವರ ಜಾತಿಯ ಅಂಕಿಗಳು ಜನಗಣತಿಯ ವರದಿಗಳಲ್ಲಿ ಬರಲಿಲ್ಲ. 2025ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರಕಾರವು ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸಲು ನಿರ್ಧರಿಸಿತಾದರೂ ಜಾತಿಯ ಎಣಿಕೆಯೂ ಅಡ್ಡಹೆಸರಿನ ಎಣಿಕೆಯೂ ಒಂದಲ್ಲ. ಹೀಗಾಗಿ ಕೈಗೆ ಸಿಗುವುದು ಧರ್ಮದ ಅಂಕಿ. ಭಾರತದಲ್ಲಿ ಜೈನರ ಸಂಖ್ಯೆ 1891ರಲ್ಲಿ 14,16,638 ಇದ್ದುದು 1921ರಲ್ಲಿ 11,78,596ಕ್ಕೆ ಇಳಿಯಿತು. ಪ್ಲೇಗು, ಕ್ಷಾಮ, 1918ರ ಇನ್‌ಫ್ಲುಯೆಂಜಾ ಇವುಗಳು ಬಿದ್ದ ದಶಕಗಳು ಅವು. ಅನಂತರ ಏರುತ್ತ 1971ರಲ್ಲಿ 26,04,646 ಆಗಿ, 2011ರಲ್ಲಿ 44,51,753 ಆಯಿತು. 2011ರಲ್ಲಿ ಕರ್ನಾಟಕದ ಜೈನರು 4,40,280. ಅವರಲ್ಲಿ ಅತಿ ಹೆಚ್ಚಿನವರು ಬೆಳಗಾವಿ ಜಿಲ್ಲೆಯವರು.

ಪುರೋಹಿತವರ್ಗದ ಸಂಖ್ಯೆಯನ್ನು ಬಿಡಿಯಾಗಿ ನೋಡಲು ಅವಕಾಶ ಕೊಡುವ ಹಳೆಯ ಆಕರವೆಂದರೆ 1914ರಲ್ಲಿ ಮುಂಬಯಿಯಿಂದ ಪ್ರಕಟವಾದ ದಿಗಂಬರ ಜೈನ ಡೈರೆಕ್ಟರಿ. ವಿಲಾಸ ಸಂಗವೆಯವರು ಜೈನ ಸಮಾಜವನ್ನು ಕುರಿತ ತಮ್ಮ 1959ರ ಗ್ರಂಥದಲ್ಲಿ ಇದನ್ನು ಬಳಸಿಕೊಂಡಿದ್ದಾರೆ. ಅದರಲ್ಲಿ ಚತುರ್ಥರು ಸುಮಾರು ಅರವತ್ತೊಂಬತ್ತು ಸಾವಿರ, ಪಂಚಮರು ಸುಮಾರು ಮೂವತ್ತೆರಡು ಸಾವಿರವಿದ್ದರೆ, 'ಉಪಾಧ್ಯಾಯ' ಎಂಬ ಶೀರ್ಷಿಕೆಯಡಿ ಬರುವವರು ಸಾವಿರವನ್ನು ಸ್ವಲ್ಪ ಮೀರಿದವರು ಮಾತ್ರ. ಸರಾಸರಿಗೆ ನೂರು ಶ್ರಾವಕರಿಗೆ ಒಬ್ಬ ಉಪಾಧ್ಯಾಯನೆಂದಾಗುತ್ತದೆ. ಹೆಂಡತಿ ಮಕ್ಕಳನ್ನು ಸೇರಿಸಿದ ಎಣಿಕೆ ಇದೆಂಬುದನ್ನು ಮರೆಯಬಾರದು. ಮಂತ್ರ ಹೇಳಬಲ್ಲ, ಓಲೆಗರಿ ಓದಬಲ್ಲ ವಯಸ್ಕ ಪುರುಷರನ್ನಷ್ಟೇ ಲೆಕ್ಕಿಸಿದರೆ ಸಂಖ್ಯೆ ಕೆಲವೇ ನೂರಕ್ಕೆ ಇಳಿಯುತ್ತದೆ. ದಕ್ಷಿಣದ ದಿಗಂಬರ ಬಸದಿಗಳ ಮತ್ತು ಮನೆಭಂಡಾರಗಳ ನಿತ್ಯದ ರಕ್ಷಣೆ ಬಹುಮಟ್ಟಿಗೆ ಈ ಕೆಲವು ನೂರು ಜನರ ಕೈಯಲ್ಲಿತ್ತು.

ಈ ಅಂಕಿಯನ್ನು ಇಂದಿನ ಅಡ್ಡಹೆಸರಿಗೆ ಹೊಂದಿಸಿ ನೋಡುವಾಗ ಎರಡು ಕಡೆಯಿಂದಲೂ ತಪ್ಪು ನುಸುಳುತ್ತದೆ. ಉಪಾಧ್ಯೆ, ಪಾಧ್ಯೆ ಎಂಬ ಹೆಸರುಗಳು ಮರಾಠಿ ಮತ್ತು ಕೊಂಕಣಿ ಮಾತನಾಡುವ ಬ್ರಾಹ್ಮಣರಲ್ಲಿಯೂ ಇವೆ. ಹೆಸರನ್ನಷ್ಟೇ ನೋಡಿ ಎಣಿಸಿದರೆ ಅವರೂ ಲೆಕ್ಕಕ್ಕೆ ಸೇರುತ್ತಾರೆ. ಪಂಡಿತ, ಇಂದ್ರ ಎಂದೋ, ಬಿಟ್ಟುಬಂದ ಊರಿನ ಹೆಸರಿನಿಂದಲೋ ಕರೆಯಿಸಿಕೊಳ್ಳುವ ಜೈನ ಪುರೋಹಿತ ಮನೆತನಗಳು ಲೆಕ್ಕದಿಂದ ಜಾರಿಹೋಗುತ್ತವೆ. ಹುಬ್ಬಳ್ಳಿಯ ವಿಷಯದಲ್ಲಿ ಮತ್ತೂ ಒಂದು ತೊಡಕು. ವ್ಯಾಪಾರಕ್ಕಾಗಿ ಬಂದು ನೆಲೆಸಿದ ಗುಜರಾತಿ, ರಾಜಸ್ಥಾನಿ ಶ್ವೇತಾಂಬರರು ಈ ನಗರದ ಜೈನರ ಅಂಕಿಯಲ್ಲಿ ಸೇರಿದ್ದಾರೆ. ಆದುದರಿಂದ ನಗರದ ಜೈನರು ಹೆಚ್ಚಿದರೆಂದ ಮಾತ್ರಕ್ಕೆ ಹಳೆಯ ಬಸದಿಗಳ ಮನೆತನಗಳು ಹೆಚ್ಚಿದವೆಂದು ಹೇಳಬರುವುದಿಲ್ಲ. 1997ರಲ್ಲಿ ಗದಗ, ಹಾವೇರಿ ಜಿಲ್ಲೆಗಳು ಬೇರೆಯಾದ ಮೇಲೆ ಲಕ್ಕುಂಡಿ, ಬಂಕಾಪುರಗಳಂಥ ಜೈನಸ್ಥಾನಗಳು ಧಾರವಾಡ ಜಿಲ್ಲೆಯ ಲೆಕ್ಕದಿಂದ ಹೊರಬಿದ್ದವು. 1991ರ ಧಾರವಾಡವನ್ನೂ 2001ರ ಧಾರವಾಡವನ್ನೂ ಹಾಗೆಯೇ ತುಲನೆ ಮಾಡುವವರು ಇದನ್ನು ಲಕ್ಷಿಸಬೇಕು.

ಎಣಿಸಬೇಕಾದದ್ದು ಹೆಸರನ್ನಲ್ಲ, ಪೂಜೆಯ ಸರದಿಯನ್ನು. ಯಾವ ಬಸದಿಯಲ್ಲಿ ಯಾವ ಮನೆಗೆ ಎಷ್ಟು ತಿಂಗಳ ಪಾಳಿ, ಆ ಪಾಳಿ ಯಾರಿಂದ ಯಾರಿಗೆ ಬಂದಿತು, ಭಾಗವಾದಾಗ ಭೂಮಿಯೊಡನೆ ಪುಸ್ತಕಗಳ ಗಂಟು ಯಾವ ಮಗನಿಗೆ ಹೋಯಿತು, ಇವನ್ನು ಬಸದಿ ಬಸದಿಗೆ ಹೋಗಿ ಹಿರಿಯರಿಂದ ಕೇಳಿ ಬರೆದುಕೊಂಡರೆ ಅಮ್ಮಿನಭಾವಿ, ಅಣ್ಣಿಗೇರಿ, ಲಕ್ಷ್ಮೇಶ್ವರಗಳಂಥ ಪ್ರಾಚೀನ ಕೇಂದ್ರಗಳ ಸುತ್ತಲಿನ ಮನೆಭಂಡಾರಗಳ ಜಾಡು ಹಿಡಿಯಬಹುದು. ಮಗನು ನಗರದಲ್ಲಿ ನೌಕರಿ ಹಿಡಿದಾಗ ಹೆಸರು ಅವನೊಡನೆ ಹೋಗುತ್ತದೆ. ಓಲೆಗರಿಯ ಗಂಟು ಅಟ್ಟದ ಮೇಲೆ ಉಳಿಯುತ್ತದೆ. ಆಮೇಲೆ ಆ ಮನೆಯನ್ನು ಕೊಂಡವರಿಗೆ ಅದು ಏನೆಂಬುದೇ ತಿಳಿಯುವುದಿಲ್ಲ.

ಇಂಥ ಒಂದೊಂದು ಮನೆಯ ಬೆಲೆ ಎಷ್ಟೆಂಬುದನ್ನು ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ವೃತ್ತಾಂತ ತೋರಿಸುತ್ತದೆ. ಧವಲಾ, ಜಯಧವಲಾ ಟೀಕೆಗಳ ಓಲೆಗರಿಗಳು ಅಲ್ಲಿನ ಬಸದಿಯಲ್ಲಿ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದ ಕಾಲವದು. 1896ರ ಸುಮಾರಿಗೆ ಅವುಗಳ ಪ್ರತಿಮಾಡುವ ಕಾರ್ಯ ಆರಂಭವಾದಾಗ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ನಿಯುಕ್ತರಾದರು. ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ನಾಗರಿ ಪ್ರತಿಯನ್ನು ಗಜಪತಿ ಉಪಾಧ್ಯಾಯರು ಮುಗಿಸಿದರು. ಬಸದಿಗಾಗಿ ಹೊಸಗನ್ನಡ ಲಿಪಿಯ ಪ್ರತಿಯನ್ನು ಬರೆದವರು ದೇವರಾಜ ಸೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ. ಸೆಟ್ಟಿ, ಉಪಾಧ್ಯಾಯ, ಇಂದ್ರ, ಶಾಸ್ತ್ರಿ: ಹೆಸರುಗಳ ಕೊನೆಯಲ್ಲಿರುವುದು ಇನ್ನೂ ಪದವಿಯೇ ಹೊರತು ಅಡ್ಡಹೆಸರೆನ್ನಲಾಗದು.

ಆದರೆ ಗ್ರಂಥವು ಹೊರಜಗತ್ತಿಗೆ ಬಂದುದು ಈ ಅಧಿಕೃತ ಪ್ರತಿಗಳಿಂದಲ್ಲ. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಮತ್ತೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡಿದ್ದರು. ಅದು ಸಹಾರನಪುರದ ಲಾಲಾ ಜಂಬೂಪ್ರಸಾದರಿಗೆ ಸೇರಿತು. ಅಲ್ಲಿ ನಾಗರಿಗೆ ಇಳಿದು, ಮತ್ತೆ ಮತ್ತೆ ಪ್ರತಿಯಾಗಿ ಆರಾ, ಕಾರಂಜಾ, ಅಮರಾವತಿಗಳನ್ನು ಮುಟ್ಟಿತು. ನಂಬಿಕೆಯ ಕೆಲಸದಲ್ಲಿ ಹೀಗೆ ನಡೆದುಕೊಂಡುದು ಉಚಿತವೋ ಅನುಚಿತವೋ ಎಂಬ ಚರ್ಚೆಗೆ ಕೊನೆಯಿರದು. ಕನ್ನಡ ಲಿಪಿಯಲ್ಲಿ ಸಾವಿರಾರು ಪುಟಗಳನ್ನು ಬರೆಯಬಲ್ಲ ಗೃಹಿಣಿಯೊಬ್ಬರು ಮಿರಜಿನ ಆ ಮನೆಯಲ್ಲಿದ್ದರೆಂಬುದು ಮಾತ್ರ ನೂರು ಜನಗಣತಿಗಳೂ ಹೇಳದ ಸಂಗತಿ. ಆ ಪ್ರತಿಪರಂಪರೆಯ ಆಧಾರದ ಮೇಲೆಯೇ ಹೀರಾಲಾಲ ಜೈನರು ಷಟ್ಖಂಡಾಗಮದ ಮೊದಲ ಸಂಪುಟವನ್ನು 1939ರಲ್ಲಿ ಅಮರಾವತಿಯಿಂದ ಪ್ರಕಟಿಸಿದರು. ಹದಿನಾರನೆಯ ಸಂಪುಟ 1959ರಲ್ಲಿ ಹೊರಬಂದಿತು. ಈ ಸಂಪಾದನಕಾರ್ಯದಲ್ಲಿ ಅವರಿಗೆ ಸಹಕರಿಸಿದವರಲ್ಲಿ ಸದಲಗದ ಆದಿನಾಥ ನೇಮಿನಾಥ ಉಪಾಧ್ಯೆಯವರೂ ಒಬ್ಬರು.